ಪೆಟ್ಟಿಗೆ ಮೇಲೆ ಪೆಟ್ಟಿಗೆ

2014ರ ಫೆಬ್ರುವರಿಯಲ್ಲಿ ಜರ್ಮನಿಯ ಜನ ಒಂದು ಕಪಾಟಿಗಾಗಿ ಸಿಡಿದೆದ್ದರು. ಐಕಿಯಾ ಕಂಪನಿ ‘ಎಕ್ಸ್‌ಪೆಡಿಟ್’ ಎಂಬ ಚೌಕದ ಶೆಲ್ಫನ್ನು ನಿಲ್ಲಿಸಿ, ಅದರ ಜಾಗಕ್ಕೆ ‘ಕಲ್ಲಾಕ್ಸ್’ ತರಲಿದೆ ಎಂಬ ಸುದ್ದಿ ಹೊರಬಿದ್ದದ್ದೇ ತಡ, ಎಕ್ಸ್‌ಪೆಡಿಟ್ ಉಳಿಸಿ ಎಂದು ಫೇಸ್‌ಬುಕ್‌ನಲ್ಲಿ ಸಾವಿರಾರು ಮಂದಿ ಒಟ್ಟುಗೂಡಿದರು. ಮುಂಚೂಣಿಯಲ್ಲಿದ್ದವರು ಹಳೆಯ ಎಲ್‌ಪಿ ರೆಕಾರ್ಡ್ ಸಂಗ್ರಹಿಸುವವರು.

ಅವರ ಆತಂಕಕ್ಕೆ ಕಾರಣವಿತ್ತು. ಎಕ್ಸ್‌ಪೆಡಿಟ್‌ನ ಪ್ರತಿ ಗೂಡಿನ ಒಳ ಅಳತೆ 33 ಸೆಂ.ಮೀ. ಹನ್ನೆರಡು ಇಂಚಿನ ರೆಕಾರ್ಡು ತನ್ನ ರಟ್ಟಿನ ಹೊದಿಕೆಯೊಡನೆ ಸುಮಾರು 31.5 ಸೆಂ.ಮೀ. ಆಗುತ್ತದೆ. ನಿಲ್ಲಿಸಿದರೆ ಸರಿಯಾಗಿ ಕೂರುತ್ತದೆ, ಬೆರಳು ಹಾಕಿ ಎಳೆದುಕೊಳ್ಳಲು ಮೇಲೆ ಒಂದಿಷ್ಟು ಜಾಗವೂ ಉಳಿಯುತ್ತದೆ. ಮನೆ ತುಂಬ ರೆಕಾರ್ಡ್ ಇಟ್ಟುಕೊಂಡವರಿಗೆ ಅಷ್ಟು ಕಡಿಮೆ ಬೆಲೆಗೆ ಇಷ್ಟು ಒಪ್ಪುವ ಕಪಾಟು ಬೇರೆಲ್ಲೂ ಸಿಗುತ್ತಿರಲಿಲ್ಲ. ಒಳ ಅಳತೆಯಲ್ಲಿ ಏನೂ ಬದಲಾಗಿಲ್ಲ, ಹೊರ ಚೌಕಟ್ಟನ್ನು ಮಾತ್ರ ತೆಳುವಾಗಿಸಿದ್ದೇವೆ, ಮಕ್ಕಳಿಗೆ ತಾಗದಂತೆ ಮೂಲೆಗಳನ್ನು ದುಂಡಗೆ ಮಾಡಿದ್ದೇವೆ ಎಂದು ಕಂಪನಿ ಸಮಾಧಾನ ಹೇಳಿತು. ಹದಿನಾರು ಗೂಡಿನ ಕಪಾಟಿನ ಅಗಲ 149 ಸೆಂ.ಮೀ.ನಿಂದ 147ಕ್ಕೆ ಇಳಿದಿತ್ತು. ಮರ ಉಳಿಸಲು ಎಂಬುದು ಕೊಟ್ಟ ಕಾರಣ.

ಇಷ್ಟೆಲ್ಲ ಗದ್ದಲದಲ್ಲಿ, ಈ ಕಪಾಟು ಎಷ್ಟು ಭಾರ ಹೊರುತ್ತದೆ ಎಂಬ, ಕೇಳಲೇಬೇಕಾಗಿದ್ದ ಪ್ರಶ್ನೆ ಹಿಂದೆ ಸರಿಯಿತು. ಆ ಕಪಾಟಿನ ಒಂದೊಂದು ಗೂಡಿಗೆ ಕಂಪನಿಯೇ ಹಾಕಿದ ತೂಕದ ಮಿತಿ 13 ಕಿಲೋ. ಒತ್ತಾಗಿ ಜೋಡಿಸಿದರೆ ಒಂದು ಗೂಡಿನಲ್ಲಿ ಅರವತ್ತಕ್ಕೂ ಹೆಚ್ಚು ರೆಕಾರ್ಡು ಹಿಡಿಸುತ್ತವೆ. ಹೊದಿಕೆ ಸೇರಿ ಒಂದೊಂದೂ ಕಾಲು ಕಿಲೋದ ಆಸುಪಾಸು ತೂಗುತ್ತದೆ. ಅಂದರೆ 15 ಕಿಲೋ. ಯಾವ ಕಪಾಟನ್ನು ಉಳಿಸಲು ಜನ ಹೋರಾಡಿದರೋ ಅದು ಅವರ ಮನೆಗಳಲ್ಲಿ ಮೊದಲಿನಿಂದಲೂ ಮಿತಿಮೀರಿದ ಹೊರೆ ಹೊತ್ತೇ ನಿಂತಿತ್ತು.

ಅದರ ಹಲಗೆಯನ್ನು ಅಡ್ಡಲಾಗಿ ಕೊಯ್ದರೆ ಸಂಗತಿ ತಿಳಿಯುತ್ತದೆ. ದಪ್ಪಗೆ ಕಾಣುವ ಆ ಹಲಗೆಯ ಒಳಗೆ ಜೇನುಗೂಡಿನಂತೆ ಮಡಚಿದ ಕಾಗದ, ಎರಡು ಬದಿಗೆ ತೆಳುವಾದ ಹಾಳೆ, ಅಂಚಿನಲ್ಲಿ ಮಾತ್ರ ಗಟ್ಟಿಯಾದ ಪಾರ್ಟಿಕಲ್ ಬೋರ್ಡಿನ ಪಟ್ಟಿ. ಬಾಗಿಲು ಮಾಡುವ ಕಾರ್ಖಾನೆಗಳಿಂದ ಬಂದ ಈ ವಿಧಾನವನ್ನು ಐಕಿಯಾ 1980ರ ದಶಕದ ಆರಂಭದಲ್ಲಿ ‘ಲಾಕ್’ ಎಂಬ ಮೇಜಿಗೆ ಬಳಸಿ ಹೆಸರು ಮಾಡಿತು. ಬಿಡಿಭಾಗಗಳನ್ನು ಚಪ್ಪಟೆಯಾಗಿ ಕಟ್ಟಿ ಸಾಗಿಸುವ ಜಾಣ್ಮೆ ಇನ್ನೂ ಹಳೆಯದು. ಥೋನೆಟ್ ಕಂಪನಿ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿಯನ್ನು ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ ಮೂವತ್ತಾರು ಹಿಡಿಸುತ್ತಿದ್ದವು.

ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುವ ಕಲೆಯೂ ನಿನ್ನೆ ಮೊನ್ನೆಯದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದ ಗ್ಲೋಬ್-ವೆರ್ನಿಕೆ ಕಂಪನಿ ಅಂಥ ಕಪಾಟು ಮಾಡಿತು. ಕೆಳಗೊಂದು ಪೀಠ, ಮೇಲೊಂದು ಮುಚ್ಚಳ, ನಡುವೆ ಪುಸ್ತಕ ಹೆಚ್ಚಿದಂತೆಲ್ಲ ಸೇರಿಸಿಕೊಳ್ಳಬಹುದಾದ ಗಾಜಿನ ಬಾಗಿಲ ಖಾನೆಗಳು. ಮೇಲಿನ ಖಾನೆ ಕೆಳಗಿನದಕ್ಕೆ ಕಚ್ಚಿ ಕೂರುವಂತೆ, ಜಾರಿ ಹೋಗದಂತೆ ಅದನ್ನು ರೂಪಿಸಿದ್ದರು. ಪೇರಿಸುವುದಕ್ಕೆಂದೇ ಮಾಡಿದ ಮರಗೆಲಸ ಅದು. ಈ ಅಕ್ಕರೆಯ ಕೆಲಸ ಮರೆಯಾಗಿ, ಕಾಗದ ತುಂಬಿದ ಹಲಗೆಯ ನುಣುಪು ತಲೆಯ ಮೇಲೆ ಇನ್ನೊಂದು ಕಪಾಟನ್ನು ಸುಮ್ಮನೆ ಹೇರುವ ರೂಢಿ ಬಂದದ್ದು ಬೇಸರದ ಮಾತು.

ಪೇರಿಸದಿದ್ದರೂ, ಗೋಡೆಗೆ ಕಟ್ಟದೆ ನಿಲ್ಲಿಸಿದ ಬೀರುಗಳ ಬೆಲೆಯನ್ನು ಮಕ್ಕಳು ತೆತ್ತಿದ್ದಾರೆ. ‘ಮಾಲ್ಮ್’ ಮತ್ತಿತರ ಡ್ರಾಯರ್ ಬೀರುಗಳು ಮಗುಚಿ ಬಿದ್ದು ಪುಟ್ಟ ಮಕ್ಕಳು ಸತ್ತ ಮೇಲೆ, 2016ರ ಜೂನ್‌ನಲ್ಲಿ ಐಕಿಯಾ ಅಮೆರಿಕದಲ್ಲಿ ಸುಮಾರು 2.9 ಕೋಟಿ ಬೀರುಗಳನ್ನು ಹಿಂಪಡೆಯಬೇಕಾಯಿತು. ಅಲ್ಲಿ 2022ರ ಕೊನೆಗೆ ಕಾನೂನೂ ಬಂತು. ಆದರೆ ಅದು ಬಟ್ಟೆ ಇಡುವ ಬೀರುಗಳಿಗೆ ಮಾತ್ರ. ಪುಸ್ತಕದ ಶೆಲ್ಫು ಅದರ ವ್ಯಾಪ್ತಿಗೆ ಸೇರಿಲ್ಲ.

ಈಗ ಈ ಚೌಕದ ಕಪಾಟು ಬೆಂಗಳೂರಿಗೂ ಬಂದಿದೆ. 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ಐಕಿಯಾ ಮಳಿಗೆ ತೆರೆಯಿತು. ಅದೇ ಮಾದರಿಯ ಶೆಲ್ಫುಗಳನ್ನು ಬೇರೆಯವರೂ ಮಾರುತ್ತಾರೆ. ಹಿಂದೆ ನಮ್ಮ ಮನೆಗಳಲ್ಲಿ ಕಪಾಟು ಗೋಡೆಯದೇ ಭಾಗವಾಗಿರುತ್ತಿತ್ತು. ಗೋಡೆಯೊಳಗೆ ಗೂಡು ಬಿಟ್ಟು ಕಡಪ ಕಲ್ಲಿನ ಚಪ್ಪಡಿ ಕೂರಿಸಿಬಿಟ್ಟರೆ ಅದು ಬೀಳುವ ಮಾತೇ ಇರಲಿಲ್ಲ. ಇಂದಿನ ಕಪಾಟು ಗೋಡೆಗೆ ಒರಗಿ ನಿಂತಿರುತ್ತದೆ, ಅಷ್ಟೆ. ಅದನ್ನು ಗೋಡೆಗೆ ಕಟ್ಟುವ ಕೆಲಸ ನಮ್ಮ ಪಾಲಿನದು.

ಆ ಕೆಲಸ ಕಷ್ಟದ್ದೇನಲ್ಲ. ಮೊದಲು ಕಪಾಟನ್ನೇ ಗಟ್ಟಿ ಮಾಡಿಕೊಳ್ಳಬೇಕು. ಬೆನ್ನಿಗೆ ಹಲಗೆಯಿಲ್ಲದ ಕಪಾಟನ್ನು ಪಕ್ಕದಿಂದ ತಳ್ಳಿದರೆ ಚೌಕ ಓರೆಯಾಗುತ್ತದೆ, ಹಲಗೆಗಳನ್ನು ಜೋಡಿಸುವ ಮರದ ಗೂಟಗಳು ಸಡಿಲವಾಗುತ್ತವೆ. ಆರು ಮಿಲಿಮೀಟರ್ ಪ್ಲೈವುಡ್ ಹಾಳೆಯನ್ನು ಬೆನ್ನಿಗೆ, ಹಲಗೆಗಳ ಗಟ್ಟಿ ಅಂಚಿಗೆ ಸಿಗುವಂತೆ ಸ್ಕ್ರೂ ಹಾಕಿ ಕೂರಿಸಿದರೆ ಆ ಓಲಾಟ ನಿಲ್ಲುತ್ತದೆ. ಗೋಡೆಗೆ ಬಿಗಿಯುವ ಎಲ್-ಕ್ಲಾಂಪನ್ನು ಹಲಗೆಯ ನಡುಭಾಗಕ್ಕೆ ಹೊಡೆದರೆ ಉಪಯೋಗವಿಲ್ಲ, ಕಾಗದದಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಕಪಾಟನ್ನು ಯಾವ ದಿಕ್ಕಿಗೆ ನಿಲ್ಲಿಸುತ್ತೇವೆ ಎಂಬುದೂ ಮುಖ್ಯ. ಗಿಡ್ಡ ಹಲಗೆಗಳು ಅಡ್ಡ ಮಲಗಿದ್ದರೆ ಭಾರವೆಲ್ಲ ಅವುಗಳ ತುದಿಯ ಗೂಟಗಳ ಮೇಲೆ ಬೀಳುತ್ತದೆ. ಉದ್ದ ಹಲಗೆ ಅಡ್ಡವಿದ್ದು ಗಿಡ್ಡವು ನೆಟ್ಟಗೆ ನಿಂತಿದ್ದರೆ ಭಾರ ಹಲಗೆಯಿಂದ ಹಲಗೆಗೆ ಇಳಿದು ನೆಲ ಸೇರುತ್ತದೆ. ಯಾವುದು ಹೇಗಿರಬೇಕೆಂದು ಜೊತೆಗೆ ಬರುವ ಚಿತ್ರದ ಹಾಳೆಯಲ್ಲಿ ತೋರಿಸಿರುತ್ತಾರೆ, ಅದನ್ನು ಮೀರಬಾರದು.

ಪೇರಿಸದೆ ಪಕ್ಕಪಕ್ಕ ಇಡುವುದೇ ಮೇಲು. ಪೇರಿಸಲೇಬೇಕಾದರೆ ಅಗಲದ್ದು ಕೆಳಗೆ, ಕಿರಿದು ಮೇಲೆ. ಎರಡನ್ನೂ ಮುಂದೆ ಹಿಂದೆ ಅಂಚಿನ ಗಟ್ಟಿ ಭಾಗದಲ್ಲಿ ಬೋಲ್ಟು ವಾಷರ್ ಹಾಕಿ ಒಂದಾಗಿಸಬೇಕು. ಮೇಲಿನದನ್ನೂ ಕೆಳಗಿನದನ್ನೂ ಬೇರೆಬೇರೆಯಾಗಿ ಗೋಡೆಗೆ ಬಿಗಿಯಬೇಕು. ರೆಕಾರ್ಡು, ದಪ್ಪ ಪುಸ್ತಕ ತಳದ ಸಾಲಿಗೆ. ಮೇಲಿನ ಸಾಲಿಗೆ ಹಗುರ ಸಾಮಾನು. ಮಕ್ಕಳ ಆಟಿಕೆ ಮೇಲಿಟ್ಟರೆ ಅವರು ಹತ್ತಿಯೇ ಹತ್ತುತ್ತಾರೆ. ಇನ್ನು ಗೋಡೆ. ಬರೀ ಗಾರೆಯಲ್ಲಿ ಸ್ಕ್ರೂ ನಿಲ್ಲದು. ಅದು ಗಾರೆ ದಾಟಿ ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕಿನೊಳಗಿನ ನೈಲಾನ್ ಪ್ಲಗ್ಗಿಗೆ ಹೋಗಬೇಕು. ಟೊಳ್ಳು ಬ್ಲಾಕಿಗೆ, ಜಿಪ್ಸಂ ಗೋಡೆಗೆ ಬೇರೆ ಬಗೆಯ ಪ್ಲಗ್ಗುಗಳಿವೆ. ಗೋಡೆ ಯಾವುದೆಂದು ಹೇಳಿದರೆ ಹಾರ್ಡ್‌ವೇರ್ ಅಂಗಡಿಯವರು ಕೊಡುತ್ತಾರೆ.

ಬಾಡಿಗೆ ಮನೆ, ತೂತು ಹೊಡೆಯುವಂತಿಲ್ಲ ಎಂದು ಅನೇಕರು ಕಪಾಟಿನ ಜೊತೆ ಬರುವ ಕ್ಲಾಂಪಿನ ಪೊಟ್ಟಣವನ್ನು ಬಿಚ್ಚದೆಯೇ ಡ್ರಾಯರಿಗೆ ಹಾಕಿಬಿಡುತ್ತಾರೆ. ದಯವಿಟ್ಟು ಮಾಲೀಕರನ್ನು ಒಮ್ಮೆ ಕೇಳಿ. ಖಾಲಿ ಮಾಡುವಾಗ ಪುಟ್ಟಿ ಹಚ್ಚಿಸಿ ಬಣ್ಣ ಹೊಡೆಸಿಕೊಡುತ್ತೇವೆ ಎನ್ನಿ. ಮನೆಯಲ್ಲಿ ಮಗುವಿದೆ ಎಂದರೆ ಬೇಡ ಎನ್ನುವವರು ಕಡಿಮೆ. ಅವರು ಒಪ್ಪಲೇ ಇಲ್ಲವೆಂದರೆ ಎತ್ತರದ ಕಪಾಟು ಬೇಡ, ಎರಡು ಗೂಡಿನ ಎತ್ತರದ್ದನ್ನು ಕೊಳ್ಳಿ, ಅದರ ಮೇಲೆ ಇನ್ನೊಂದನ್ನು ಏರಿಸಬೇಡಿ.