ಲೆಕ್ಕದ ತಂತ್ರಾಂಶಕ್ಕೆ ವರ್ಷ ವರ್ಷ ಹಣ ಏಕೆ?

ಸುಳ್ಯದಿಂದ ಮಡಿಕೇರಿಯತ್ತ ಹೊರಟವರಿಗೆ ಸಂಪಾಜೆಗಿಂತ ಮೊದಲು ಸಿಗುವ ಪೇಟೆ ಕಲ್ಲುಗುಂಡಿ. ಅಡಿಕೆ, ರಬ್ಬರು, ಕಾಳುಮೆಣಸಿನ ಸೀಮೆ. ಇಂಥ ಊರುಗಳಿಂದ ಬಸ್ಸು ಹಿಡಿದು ಬಿ.ಕಾಂ.ಗೆ ಹೋಗುವ ಹುಡುಗ ಹುಡುಗಿಯರು ಪದವಿಯ ಜೊತೆಗೆ ‘ಟ್ಯಾಲಿ’ಯನ್ನೂ ಕಲಿಯುವುದುಂಟು. ನಾಳೆ ಅವರು ಕೆಲಸಕ್ಕೆ ಸೇರುವ ಅಂಗಡಿಯ ಯಜಮಾನರು, ‘ದುಡ್ಡು ಕೊಟ್ಟು ತೆಗೊಂಡದ್ದಲ್ಲವಾ? ಮತ್ತೆ ಪ್ರತಿವರ್ಷ ಯಾಕೆ ಕಟ್ಟುವುದು?’ ಎಂದು ಕೇಳಿದರೆ ಉತ್ತರವೇನು?

ಟ್ಯಾಲಿ ನಮ್ಮ ಬೆಂಗಳೂರಿನದೇ ಕೂಸು. ಗಿರಣಿಗಳಿಗೆ ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್‌ಗೆ, ನೀನೇ ಒಂದು ಮಾಡು ಎಂದರು. 1986ರಲ್ಲಿ ಸಂಸ್ಥೆ ಹುಟ್ಟಿತು. ಸುಳ್ಯದ ಕೆ.ವಿ.ಜಿ. ಇಂಜಿನಿಯರಿಂಗ್ ಕಾಲೇಜು ಶುರುವಾದದ್ದೂ ಅದೇ ವರ್ಷ.

ತಕ್ಕಡಿ ಕೊಂಡರೆ ತಕ್ಕಡಿ ನಮ್ಮದು. (ಅದಕ್ಕೂ ಕಾಲಕಾಲಕ್ಕೆ ಮುದ್ರೆ ಹಾಕಿಸಬೇಕಲ್ಲ ಎನ್ನುವಿರೇನೋ!) ತಂತ್ರಾಂಶದಲ್ಲಿ ನಾವು ಕೊಳ್ಳುವುದು ಬಳಸುವ ಹಕ್ಕನ್ನು, ಅಂದರೆ ಲೈಸೆನ್ಸನ್ನು ಮಾತ್ರ. 2017ರಲ್ಲಿ ಒಂದೇ ಗಣಕದಲ್ಲಿ ಬಳಸುವ ಟ್ಯಾಲಿಗೆ ತೆರಿಗೆ ಬಿಟ್ಟು 18,000 ರೂಪಾಯಿ. ಮೊದಲ ವರ್ಷ ಕಳೆದ ಮೇಲೆ ನಿರ್ವಹಣೆಯ ಚಂದಾ ವರ್ಷಕ್ಕೆ 3,600, ಅಂದರೆ ಐದರಲ್ಲೊಂದು ಪಾಲು. ಚಂದಾ ಕಟ್ಟದಿದ್ದರೆ ಇದ್ದ ತಂತ್ರಾಂಶವೇನೂ ನಿಲ್ಲದು. ಹೊಸ ಆವೃತ್ತಿ ಸಿಗದು, ಅಷ್ಟೇ. ಹಳತೇ ಸಾಕು ಎಂದು ಕೈಬಿಟ್ಟ ವ್ಯಾಪಾರಿಯನ್ನು ದೂರುವಂತಿಲ್ಲ.

ಆದರೆ 2017ರ ಜುಲೈ 1ರಂದು ಜಿ.ಎಸ್.ಟಿ. ಬಂತು. ಒಣ ಅಡಿಕೆಗೆ ಶೇ. 5 ತೆರಿಗೆ. ರಾಜ್ಯದೊಳಗೇ ಮಾರಿದರೆ ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ. ಅದೇ ಅಡಿಕೆ ಗುಜರಾತಿಗೆ ಹೋದರೆ ಐದೂ ಒಟ್ಟಾಗಿ ಬೇರೊಂದು ಖಾತೆಗೆ. 2005ರಿಂದ ನಡೆದು ಬಂದ ವ್ಯಾಟ್ ಲೆಕ್ಕಕ್ಕೆಂದು ಬರೆದ ತಂತ್ರಾಂಶಕ್ಕೆ ಈ ಪಾಲುಪಟ್ಟಿ ತಿಳಿಯದು. ಹೊಸ ಆವೃತ್ತಿ ಬೇಕು. ಅದಕ್ಕೆ ಚಂದಾ ಚಾಲ್ತಿಯಲ್ಲಿರಬೇಕು. ಕೈಬಿಟ್ಟವರು ನವೀಕರಿಸಲೇಬೇಕಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ತೆರಿಗೆಯ ದರ ಬದಲಾದರೆ ಬಳಸುವವರೇ ಅಂಕಿ ತಿದ್ದಿಕೊಳ್ಳಬಹುದು. 2025ರ ಸೆಪ್ಟೆಂಬರ್ 22ರಂದು ಎಷ್ಟೋ ಸರಕುಗಳ ದರ ಇಳಿದಾಗ ಬದಲಾದದ್ದು ಅಂಕಿಯೇ. ತೆರಿಗೆಯ ಕ್ರಮವೇ ಬದಲಾದರೆ ಮಾತ್ರ ತಂತ್ರಾಂಶವನ್ನೇ ತಿದ್ದಬೇಕು. ಆ ಕೆಲಸಕ್ಕೆ ಸಂಬಳದ ಇಂಜಿನಿಯರುಗಳಿದ್ದಾರೆ. ಚಂದಾ ಕೇಳುವುದು ಅನ್ಯಾಯವಲ್ಲ. ಮಾರುವಾಗಲೇ ಅದನ್ನು ಬಾಯಿಬಿಟ್ಟು ಹೇಳದಿರುವುದು ಅನ್ಯಾಯ.

ದೊಡ್ಡ ಕಚೇರಿಗಳಿಗೆಂದು ಮೈಕ್ರೋಸಾಫ್ಟ್ ಕೂಡ 2001ರಲ್ಲಿ ‘ಸಾಫ್ಟ್‌ವೇರ್ ಅಶ್ಯೂರೆನ್ಸ್’ ಎಂಬ ಇಂಥದೇ ಏರ್ಪಾಡು ತಂದಿತು. ಒಪ್ಪಂದದ ಅವಧಿಯಲ್ಲಿ ಬಂದ ಹೊಸ ಆವೃತ್ತಿಯೆಲ್ಲ ಗಿರಾಕಿಗೆ ಸಿಗುತ್ತದೆ. ಇನ್ನೊಂದು ಬಗೆ, ಬಾಡಿಗೆ ಮನೆಯಂತೆ. ಅಡೋಬಿಯವರ ಫೋಟೋಶಾಪ್‌ನ ಹೊಸ ಆವೃತ್ತಿಗಳು 2013ರಿಂದ ಆ ದಾರಿ ಹಿಡಿದವು. ಹಣ ನಿಂತರೆ ತಂತ್ರಾಂಶವೂ ನಿಲ್ಲುತ್ತದೆ.

ಮಕ್ಕಳಿಗೆ ಗಣಕ ಕೊಡಿಸುವ ತಂದೆತಾಯಿಗಳು ಅದರಲ್ಲಿರುವ ಆಫೀಸ್ ತಂತ್ರಾಂಶ ಒಂದೇ ಸಲದ ಖರೀದಿಯೋ, ವರ್ಷದ ಬಾಡಿಗೆಯೋ ಎಂದು ಬಿಲ್ಲು ಬರೆಸುವ ಮೊದಲೇ ಕೇಳಲಿ. ಪತ್ರ, ಪಟ್ಟಿ ಮಾಡಲು ಉಚಿತವಾದ ಲಿಬ್ರೆಆಫೀಸ್ ಇದೆ, ಅದರ ಮೆನು ಕನ್ನಡದಲ್ಲೂ ಇದೆ. ಟ್ಯಾಲಿ ಅಭ್ಯಾಸಕ್ಕೂ ಲೈಸೆನ್ಸ್ ಬೇಡ: ‘ಎಜುಕೇಶನಲ್ ಮೋಡ್’ ಆರಿಸಿದರೆ ಆಯಿತು. ತಿಂಗಳ ಮೊದಲ ಎರಡು ದಿನ, ಕೊನೆಯ ದಿನ, ಹೀಗೆ ಕೆಲವೇ ತಾರೀಕುಗಳಿಗೆ ಲೆಕ್ಕ ಬರೆಯಬಹುದು. ಕಲಿಯುವವರಿಗೆ ಅಷ್ಟು ಧಾರಾಳ ಸಾಕು.