ತಾರ್ಲೆ ಬಾರದ ವರ್ಷಗಳು

ಕಾಳಿ ನದಿ ಕಡಲು ಸೇರುವ ಕೋಡಿಬಾಗದಲ್ಲಿ ವರ್ಷದ ಗಳಿಕೆಯನ್ನು ನಿರ್ಧರಿಸುವ ಮೀನುಗಳಲ್ಲಿ ತಾರ್ಲೆ, ಬಂಗಡೆ ಮುಖ್ಯ. ತಾರ್ಲೆ ರಾಶಿ ಬಿದ್ದ ವರ್ಷ ತೆಂಗಿನ ಬುಡಕ್ಕೂ ಗೊಬ್ಬರವಾಗುತ್ತಿತ್ತು. ಬಾರದ ವರ್ಷ ಸಾರಿಗೂ ಸಿಗುತ್ತಿರಲಿಲ್ಲ.

ಹಾಗೆ ಬಾರದಿದ್ದಾಗ ದೂರು ಮೀನಿನ ಹಿಂಡನ್ನೇ ಸುತ್ತುವರಿಯುವ ಪರ್ಸಿನ್ ಬಲೆಯ ಮೇಲೆ. ಆದರೆ ಆ ಬಲೆ ಕರ್ನಾಟಕದ ಕರಾವಳಿಗೆ ಬಂದದ್ದು 1970ರ ದಶಕದಲ್ಲಿ. ಅದಕ್ಕೂ ಮೊದಲು, ದಡದಿಂದ ರಂಪಣಿ ಬಲೆ ಎಳೆಯುತ್ತಿದ್ದ 1940ರ ದಶಕದಲ್ಲೇ ಪಶ್ಚಿಮ ಕರಾವಳಿಯಲ್ಲಿ ತಾರ್ಲೆ ಕ್ಷಾಮ ಬಂದಿತ್ತು.

ಕಾರಣ ನೀರಿನೊಳಗಿದೆ. ಮಳೆಗಾಲದ ಗಾಳಿ ಮೇಲ್ನೀರನ್ನು ದಂಡೆಯಿಂದಾಚೆ ತಳ್ಳುತ್ತದೆ. ಆಳದಿಂದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇರಿ ಸೂಕ್ಷ್ಮ ಪಾಚಿ ಬೆಳೆಸುತ್ತದೆ. ತಾರ್ಲೆಯ ಊಟವೇ ಅದು. ಈ ಮೀನಿನ ಆಯುಷ್ಯ ಸುಮಾರು ಎರಡೂವರೆ ವರ್ಷವಾದ್ದರಿಂದ ಸತತ ಎರಡು ಮಳೆಗಾಲ ಕೆಟ್ಟರೆ ಸಂತತಿಯೇ ಕುಸಿಯುತ್ತದೆ.

ಗಾಳಿ, ನೀರಿನ ಈ ವರಸೆಯನ್ನು ದೂರದ ಸಾಗರಗಳೂ ಬದಲಿಸುತ್ತವೆ. ಪೆಸಿಫಿಕ್‌ನ ಎಲ್ ನಿನೊ ಎರಡರಿಂದ ಏಳು ವರ್ಷಕ್ಕೊಮ್ಮೆ ಬರುತ್ತದೆ. ಹಿಂದೂ ಮಹಾಸಾಗರದ ಪೂರ್ವ, ಪಶ್ಚಿಮ ಭಾಗಗಳ ಉಷ್ಣತೆ ಅದಲುಬದಲಾಗುವ ‘ಡೈಪೋಲ್’ ಅನ್ನು ವಿಜ್ಞಾನಿಗಳು ವಿವರಿಸಿದ್ದು 1999ರಲ್ಲಿ. 1997ರಲ್ಲಿ ಪ್ರಬಲ ಎಲ್ ನಿನೊ ಇದ್ದರೂ ದೇಶದ ಮುಂಗಾರು ಕೈಕೊಡದಿರಲು ಡೈಪೋಲ್ ನೆರವಾಯಿತು. 2019ರಲ್ಲಿ ಅದು ಅಸಾಧಾರಣವಾಗಿ ಬಲಗೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯ ನೀರು ಕಾಳಿ ದಂಡೆಯ ಊರುಗಳಿಗೆ ನುಗ್ಗಿತು. ಅಕ್ಟೋಬರಿನಲ್ಲಿ ‘ಕ್ಯಾರ್’ ಚಂಡಮಾರುತಕ್ಕೆ ಹೆದರಿದ ನೂರಾರು ಬೋಟುಗಳು ಕಾರವಾರ ಬಂದರಿಗೆ ಓಡಿಬಂದವು.

ಇನ್ನೂ ನಿಧಾನದ ಆವರ್ತನಗಳಿವೆ. ಉತ್ತರ ಪೆಸಿಫಿಕ್ ದಶಕಗಟ್ಟಲೆ ಒಂದೇ ಬಗೆಯಲ್ಲಿದ್ದು ಮಗ್ಗುಲು ಬದಲಿಸುತ್ತದೆ. ಕ್ಯಾಲಿಫೋರ್ನಿಯಾದ ಕಡಲಡಿಯ ಕೆಸರಿನಲ್ಲಿ ಉಳಿದ ಮೀನಿನ ಹುರುಪೆಗಳು ಸುಮಾರು 1,700 ವರ್ಷಗಳ ಕಥೆ ಹೇಳಿವೆ: ತಾರ್ಲೆಯ ಬಳಗದ ಅಲ್ಲಿನ ಸಾರ್ಡಿನ್ ಸರಿಸುಮಾರು 60 ವರ್ಷಕ್ಕೊಮ್ಮೆ ಏರಿ ಇಳಿದಿದೆ, ಬಲೆ ಬೀಸುವ ಬೋಟುಗಳೇ ಇಲ್ಲದ ಕಾಲದಲ್ಲೂ.

ಹಾಗೆಂದು ಬಲೆ ನಿರಪರಾಧಿಯಲ್ಲ. ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಇದ್ದ ತಾರ್ಲೆ 2021ರಲ್ಲಿ 3,297 ಟನ್‌ಗೆ ಕುಸಿಯಿತು. 2023ರಲ್ಲಿ ಮತ್ತೆ 1.38 ಲಕ್ಷ ಟನ್ ದಾಟಿತು. ಕುಸಿತದ ಹಿಂದೆ 2015ರ ಎಲ್ ನಿನೊದ ಜೊತೆಗೆ ಅತಿಯಾದ ಮೀನುಗಾರಿಕೆಯೂ ಇತ್ತು. ಅರಬ್ಬೀ ಸಮುದ್ರ ಬಿಸಿಯಾಗುತ್ತಿರುವುದು ಈ ಆವರ್ತನಗಳ ಮೇಲೆ ಬಿದ್ದ ಹೆಚ್ಚಿನ ಹೊರೆ.

ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಎಲ್ಲ ವರ್ಷಕ್ಕೂ ಒಂದೇ ಅಳತೆಯದು. ಕಡಲು ಬಡವಾದ ವರ್ಷಗಳಲ್ಲಿ ಅದಷ್ಟೇ ಸಾಲದು. ಮರಿ ತಾರ್ಲೆ ಮೀನುಪುಡಿ ಕಾರ್ಖಾನೆಗೆ ಹೋಗದಂತೆ ತಡೆಯಬೇಕು, ಅಂಥ ವರ್ಷಗಳಲ್ಲಿ ನಾಡದೋಣಿಯವರ ಒಲೆ ಉರಿಯುವಷ್ಟು ಪರಿಹಾರವನ್ನು ಸರ್ಕಾರ ಕೊಡಬೇಕು.