ಪದ ಗೊತ್ತು, ಜೋಡಿಸೋದು ಹೇಗೆ? ಇಂಗ್ಲಿಷ್ ವಾಕ್ಯದ ಪುಟ್ಟ ಪದಗಳ ಲೆಕ್ಕಾಚಾರ



ಇವತ್ತು ಮೂರು ವಾಕ್ಯಗಳಿಂದ ಶುರು ಮಾಡ್ತೀನಿ. ಒಂದು, "ಲೆಟ್ ಅಸ್ ಡಿಸ್ಕಸ್ ಅಬೌಟ್ ದ ಪ್ರಾಜೆಕ್ಟ್." ಎರಡು, "ಪ್ಲೀಸ್ ಎಕ್ಸ್‌ಪ್ಲೇನ್ ಮಿ ದಿಸ್." ಮೂರು, "ಐ ಆ್ಯಮ್ ಇಂಟರೆಸ್ಟೆಡ್ ಇನ್ ಲರ್ನ್ ಕೋಡಿಂಗ್." ಮೂರರಲ್ಲೂ ದೊಡ್ಡ ಪದಗಳೆಲ್ಲ ಸರಿಯಾಗಿವೆ. ಆದರೂ ಇಂಟರ್‌ವ್ಯೂನಲ್ಲಿ ಎದುರು ಕೂತವರ ಹುಬ್ಬು ಸ್ವಲ್ಪ ಮೇಲೆ ಹೋಗುತ್ತೆ. ಮೊದಲ ವಾಕ್ಯದಲ್ಲಿ 'ಅಬೌಟ್' ಜಾಸ್ತಿ ಆಯ್ತು, ಎರಡನೇದರಲ್ಲಿ 'ಟು' ಕಡಿಮೆ ಆಯ್ತು, ಮೂರನೇದರಲ್ಲಿ 'ಲರ್ನ್' ಅನ್ನೋದು 'ಲರ್ನಿಂಗ್' ಆಗಬೇಕಿತ್ತು. ಅಷ್ಟೇ.

ಅಷ್ಟೇ ಅಂತ ನಾನು ಸುಲಭವಾಗಿ ಹೇಳಿಬಿಟ್ಟೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ, ಊರಿಂದ ಬಂದು, ಮೊದಲ ಕೆಲಸಕ್ಕೆ ಬಾಗಿಲು ತಟ್ಟುತ್ತಾ ಇರೋ ಹುಡುಗ ಹುಡುಗಿಗೆ ಇದು ಸಣ್ಣ ವಿಷಯ ಅಲ್ಲ. ಒಂದು 'ಅಬೌಟ್'ಗೆ ಯಾರಾದರೂ ನಕ್ಕರೆ ಮುಂದಿನ ಹತ್ತು ವಾಕ್ಯ ಗಂಟಲಲ್ಲೇ ಉಳಿಯುತ್ತೆ. ಅದಕ್ಕೇ ನಾನು ಇವತ್ತು ಹೇಳಬೇಕು ಅಂದ್ಕೊಂಡಿರೋದು ಇದು: ಈ ತಪ್ಪುಗಳಲ್ಲಿ ಹೆಚ್ಚಿನವು ದಡ್ಡತನದಿಂದ ಬರೋದಿಲ್ಲ. ನಿಮ್ಮ ತಲೆಯೊಳಗಿನ ಕನ್ನಡ ವ್ಯಾಕರಣ ತನ್ನ ಕೆಲಸವನ್ನ ಚೆನ್ನಾಗಿ ಮಾಡ್ತಾ ಇರೋದರಿಂದಲೇ ಬರುತ್ತವೆ. ಎಲ್ಲಿಂದ ಬಂತು ಅಂತ ಗೊತ್ತಾದರೆ ತಿದ್ದಿಕೊಳ್ಳೋದು ಅರ್ಧ ಆದ ಹಾಗೆ.

ನಮ್ಮಲ್ಲಿ ಹಿಂದೆ, ಅವರಲ್ಲಿ ಮುಂದೆ

ಶಾಲೆಯಲ್ಲಿ ರಾಗವಾಗಿ ಹೇಳಿದ್ದು ನೆನಪಿದೆಯಾ? ರಾಮನು, ರಾಮನನ್ನು, ರಾಮನಿಂದ, ರಾಮನಿಗೆ. ಇವು ವಿಭಕ್ತಿ ಪ್ರತ್ಯಯಗಳು. ಯಾರು ಯಾರಿಗೆ ಏನು ಮಾಡಿದ್ರು ಅನ್ನೋದನ್ನ ಹೆಸರಿನ ಬಾಲದಲ್ಲೇ ಅಂಟಿಸೋದು ಕನ್ನಡದ ರೀತಿ. ಇಂಗ್ಲಿಷ್‌ನಲ್ಲಿ ಅದೇ ಕೆಲಸವನ್ನ ಹೆಸರಿನ ಮುಂದೆ ಬರೋ ಬಿಡಿ ಪದ ಮಾಡುತ್ತೆ. ಅದೇ ಪ್ರಿಪೊಸಿಷನ್: ಟು, ಫಾರ್, ಇನ್, ಆನ್, ಅಟ್, ಬೈ, ವಿತ್.

ಒಂದು ಮಜಾ ಏನಂದ್ರೆ, ಸಾವಿರ ವರ್ಷದ ಹಿಂದೆ ಇಂಗ್ಲಿಷ್‌ಗೂ ನಮ್ಮ ಹಾಗೇ ಬಾಲಗಳಿದ್ದವು. 'ಕಲ್ಲು', 'ಕಲ್ಲಿನ', 'ಕಲ್ಲಿಗೆ' ಅನ್ನೋದಕ್ಕೆ ಅವರೂ ಒಂದೇ ಪದದ ಕೊನೆಯನ್ನ ಬದಲಾಯಿಸ್ತಿದ್ರು. 11ನೇ ಶತಮಾನದಿಂದ ಮುಂದಿನ ನಾಲ್ಕೈದು ನೂರು ವರ್ಷಗಳಲ್ಲಿ ಆ ಬಾಲಗಳು ಬಹುತೇಕ ಉದುರಿಹೋದವು. ಆ ಭಾರ ಪ್ರಿಪೊಸಿಷನ್‌ಗಳ ಮೇಲೂ, ಪದಗಳು ನಿಲ್ಲೋ ಜಾಗದ ಮೇಲೂ ಬಿತ್ತು. 'ಹೀ' ಅನ್ನೋದು 'ಹಿಮ್' ಆಗೋದು, 'ರಾಮಾಸ್ ಬುಕ್' ಅನ್ನೋದರಲ್ಲಿ ಕೊನೆಗೆ ಬರೋ 'ಸ್' ಶಬ್ದ, ಇವು ಆ ಹಳೇ ಬಾಲಗಳ ಅವಶೇಷ.

ವಾಕ್ಯಗಳನ್ನ ಸೇರಿಸೋದರಲ್ಲೂ ಇದೇ ಕಥೆ. "ಎದ್ದು, ಮುಖ ತೊಳೆದು, ತಿಂಡಿ ತಿಂದು, ಬಸ್ ಹತ್ತಿದೆ" ಅಂತೀವಿ. ಎಲ್ಲೂ 'ಮತ್ತು' ಇಲ್ಲ, ಕ್ರಿಯಾಪದದ ರೂಪವೇ ಕೊಂಡಿ. ಇಂಗ್ಲಿಷ್‌ನಲ್ಲಿ ಕೊನೆಯ ಕೆಲಸಕ್ಕೆ ಮುಂಚೆ 'ಆ್ಯಂಡ್' ಅನ್ನೋ ಕಂಜಂಕ್ಷನ್ ಬೇಕು. "ಬರ್ತೀನಿ ಅಂತ ಹೇಳಿದ" ಅನ್ನೋದರಲ್ಲಿ ನಮ್ಮ 'ಅಂತ' ಮಾತಿನ ಹಿಂದೆ ಬರುತ್ತೆ. ಅವರ 'ದಟ್' ಮಾತಿನ ಮುಂದೆ ಬರುತ್ತೆ: "ಹೀ ಸೆಡ್ ದಟ್ ಹೀ ವುಡ್ ಕಮ್."

ಜೋಡಿ ಆರಿಸೋದು ಕ್ರಿಯಾಪದ

ಈಗ ಮೊದಲ ವಾಕ್ಯಕ್ಕೆ ಬರೋಣ. ಕನ್ನಡದಲ್ಲಿ "ಪ್ರಾಜೆಕ್ಟ್ ಬಗ್ಗೆ ಚರ್ಚಿಸೋಣ" ಅಂತೀವಿ. ಆ 'ಬಗ್ಗೆ'ಯೇ ಇಂಗ್ಲಿಷ್‌ನಲ್ಲಿ 'ಅಬೌಟ್' ಆಗಿ ಕೂತ್ಕೊಳ್ಳುತ್ತೆ. ಆದರೆ 'ಡಿಸ್ಕಸ್' ಅನ್ನೋ ಕ್ರಿಯಾಪದಕ್ಕೆ ಮಧ್ಯವರ್ತಿ ಬೇಡ: "ಡಿಸ್ಕಸ್ ದ ಪ್ರಾಜೆಕ್ಟ್." ಅದೇ ಅರ್ಥದ 'ಟಾಕ್'ಗೆ ಬೇಕು: "ಟಾಕ್ ಅಬೌಟ್ ದ ಪ್ರಾಜೆಕ್ಟ್."

'ನನಗೆ' ಅನ್ನೋದನ್ನ ನೋಡಿ. ನನಗೆ ಹೇಳು, "ಟೆಲ್ ಮಿ." ನನಗೆ ಕೊಡು, "ಗಿವ್ ಮಿ." ಹಾಗಾದ್ರೆ ನನಗೆ ವಿವರಿಸು ಅನ್ನೋದು "ಎಕ್ಸ್‌ಪ್ಲೇನ್ ಮಿ" ಆಗಬೇಕಲ್ವಾ? ಆಗಲ್ಲ. "ಎಕ್ಸ್‌ಪ್ಲೇನ್ ದಿಸ್ ಟು ಮಿ." ಯಾಕೆ ಅಂದ್ರೆ ಜೋಡಿ ಆರಿಸೋ ಹಕ್ಕು ಕ್ರಿಯಾಪದದ್ದು. ಹಾಡು ಕೇಳೋದು "ಲಿಸನ್ ಟು," ಕಾಯೋದು "ವೇಟ್ ಫಾರ್," ಮನೆ ತಲುಪೋದು ಬರೀ "ರೀಚ್ ಹೋಮ್."

ಇದೇನು ಅನ್ಯಾಯ ಅನ್ನಬೇಡಿ, ಕನ್ನಡವೂ ಹಾಗೇ ಮಾಡುತ್ತೆ. ನಾಯಿಗೆ ಹೆದರಿದ, ನಾಯಿಯನ್ನ ಓಡಿಸಿದ, ನಾಯಿ ಮೇಲೆ ಸಿಟ್ಟಾದ. ಕನ್ನಡ ಕಲೀತಾ ಇರೋ ಯಾರೋ "ನಾಯಿಯನ್ನು ಹೆದರಿದೆ" ಅಂದ್ರೆ ನಮಗೆ ಅರ್ಥ ಆಗುತ್ತೆ, ಕಿವಿಗೆ ಮಾತ್ರ ಒಂಥರಾ ಅನ್ಸುತ್ತೆ. "ಡಿಸ್ಕಸ್ ಅಬೌಟ್" ಅಂದಾಗ ಅವರಿಗೂ ಅಷ್ಟೇ ಆಗೋದು.

ಪ್ರಶ್ನೆ ಕೇಳುವಾಗ ಇನ್ನೊಂದು ಎಡವಟ್ಟು. "ಯಾರಿಗೆ ಕಾಯ್ತಿದೀರಾ?" ಅನ್ನೋದರಲ್ಲಿ 'ಗೆ' ಅನ್ನೋದು 'ಯಾರು' ಜೊತೆಗೇ ಅಂಟಿದೆ. ಇಂಗ್ಲಿಷ್‌ನಲ್ಲಿ 'ಹು' ಮುಂದಕ್ಕೆ ಓಡಿಹೋದ್ರೂ 'ಫಾರ್' ತನ್ನ ಕ್ರಿಯಾಪದದ ಹತ್ತಿರವೇ ಉಳಿಯುತ್ತೆ: "ಹು ಆರ್ ಯು ವೇಟಿಂಗ್ ಫಾರ್?" ಕೊನೆಯ 'ಫಾರ್' ಮರೀಬೇಡಿ. ವಾಕ್ಯದ ಕೊನೇಲಿ ಪ್ರಿಪೊಸಿಷನ್ ಇಡಬಾರದು ಅಂತ ಯಾರಾದರೂ ಹೇಳಿದ್ರೆ ಗಾಬರಿಯೂ ಬೇಡ. 1672ರಲ್ಲಿ ಕವಿ ಜಾನ್ ಡ್ರೈಡನ್, ಬೆನ್ ಜಾನ್ಸನ್ ಹಾಗೆ ಬರೆದಿದ್ದನ್ನ ದೋಷ ಅಂದಿದ್ದ. ಅವತ್ತಿಂದ ಆ ಆಕ್ಷೇಪ ಉಳಿದುಕೊಂಡು ಬಂದಿದೆ. ಇಂಗ್ಲಿಷ್ ಮಾತಾಡೋರು ಮಾತ್ರ ಆಗಲೂ ಇಡ್ತಿದ್ರು, ಈಗಲೂ ಇಡ್ತಾರೆ.

'ಇಂಗ್' ಅಂದ್ರೆ ನಮ್ಮ 'ವುದು'

ಇವತ್ತಿನ ಸಂಚಿಕೆಯಿಂದ ಒಂದೇ ವಿಷಯ ನೆನಪಲ್ಲಿ ಉಳಿಯೋದಾದ್ರೆ ಇದು ಉಳೀಲಿ. 'ಕಲಿ' ಅನ್ನೋ ಕ್ರಿಯಾಪದಕ್ಕೆ ನೇರವಾಗಿ 'ಅಲ್ಲಿ' ಸೇರಿಸಿ "ಕಲಿಯಲ್ಲಿ ಆಸಕ್ತಿ ಇದೆ" ಅನ್ನೋಕೆ ಆಗುತ್ತಾ? ಇಲ್ಲ. ಮೊದಲು ಅದನ್ನ ಹೆಸರಾಗಿಸಬೇಕು: ಕಲಿಯುವುದು. ಆಮೇಲೆ ಪ್ರತ್ಯಯ: ಕಲಿಯುವುದರಲ್ಲಿ.

ಇಂಗ್ಲಿಷ್‌ನ ನಿಯಮವೂ ಇದೇ. ಪ್ರಿಪೊಸಿಷನ್ ಹೆಸರನ್ನ ಮಾತ್ರ ಹಿಡ್ಕೊಳ್ಳುತ್ತೆ. ಕ್ರಿಯಾಪದ ಬರಬೇಕಾದ್ರೆ ಅದಕ್ಕೆ 'ಇಂಗ್' ಸೇರಿಸಿ ಹೆಸರಾಗಿಸಬೇಕು. "ಇಂಟರೆಸ್ಟೆಡ್ ಇನ್ ಲರ್ನಿಂಗ್." "ಗುಡ್ ಅಟ್ ರೈಟಿಂಗ್." "ಥ್ಯಾಂಕ್ ಯು ಫಾರ್ ಕಾಲಿಂಗ್."

ಇಲ್ಲಿ ಎಡವೋದು 'ಟು' ಹತ್ರ. ಯಾಕೆ ಅಂದ್ರೆ 'ಟು' ಎರಡಿವೆ. "ಐ ವಾಂಟ್ ಟು ಗೋ" ಅನ್ನೋದರಲ್ಲಿ ಅದು ಕ್ರಿಯಾಪದದ ಜೊತೆಗಾರ, ಅಲ್ಲಿ ಬರೀ 'ಗೋ'. "ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು" ಅನ್ನೋದರಲ್ಲಿ ಅದು ಪ್ರಿಪೊಸಿಷನ್, ಹಾಗಾಗಿ 'ಹಿಯರಿಂಗ್'. ಪತ್ತೆ ಮಾಡೋದು ಸುಲಭ: 'ಟು' ಆದ ಮೇಲೆ ಒಂದು ಹೆಸರು ಇಟ್ಟು ನೋಡಿ. "ಲುಕ್ ಫಾರ್ವರ್ಡ್ ಟು ದ ಮೀಟಿಂಗ್" ಸರಿ ಕೇಳಿಸುತ್ತೆ, ಅಂದ್ರೆ ಅದು ಪ್ರಿಪೊಸಿಷನ್. "ವಾಂಟ್ ಟು ದ ಮೀಟಿಂಗ್" ಸರಿ ಕೇಳಿಸಲ್ಲ.

ಒಂದೇ 'ಇಂದ', ಎರಡು ದಾರಿ

ಮಳೆಯಿಂದ ಲೇಟಾಯ್ತು. ಮಳೆ ಬಂದಿದ್ದರಿಂದ ಲೇಟಾಯ್ತು. ಕನ್ನಡದಲ್ಲಿ ಎರಡಕ್ಕೂ ಒಂದೇ 'ಇಂದ' ಸಾಕು. ಇಂಗ್ಲಿಷ್ ಇಲ್ಲಿ ದಾರಿ ಬೇರೆ ಮಾಡುತ್ತೆ. ಬರೀ ಹೆಸರಿದ್ರೆ ಪ್ರಿಪೊಸಿಷನ್: "ಬಿಕಾಸ್ ಆಫ್ ದ ರೇನ್." ಕರ್ತೃ, ಕ್ರಿಯಾಪದ ಎರಡೂ ಇರೋ ಪೂರ್ತಿ ವಾಕ್ಯ ಬಂದ್ರೆ ಕಂಜಂಕ್ಷನ್: "ಬಿಕಾಸ್ ಇಟ್ ರೇನ್ಡ್." ಹಾಗಾಗಿ "ಬಿಕಾಸ್ ಆಫ್ ಬಸ್ ವಾಸ್ ಲೇಟ್" ನಿಲ್ಲೋದಿಲ್ಲ.

ಇನ್ನೆರಡು ಜೋಡಿ ಇದೇ ರೀತಿ. ಪರೀಕ್ಷೆ ಸಮಯದಲ್ಲಿ, "ಡ್ಯೂರಿಂಗ್ ದ ಎಕ್ಸಾಮ್." ನಾನು ಪರೀಕ್ಷೆ ಬರೀವಾಗ, "ವೈಲ್ ಐ ವಾಸ್ ರೈಟಿಂಗ್ ದ ಎಕ್ಸಾಮ್." ಮಳೆ ಇದ್ರೂ, "ಡಿಸ್ಪೈಟ್ ದ ರೇನ್." ಮಳೆ ಬಂದ್ರೂ, "ಆಲ್‌ದೋ ಇಟ್ ರೇನ್ಡ್." ಹಾಗೇ "ಆಲ್‌ದೋ" ಅಂದ ಮೇಲೆ ಅದೇ ವಾಕ್ಯದ ನಡುವೆ "ಬಟ್" ಬೇಡ. "ಮಳೆ ಬಂದರೂ ಮ್ಯಾಚ್ ನಡೀತು" ಅನ್ನೋಕೆ ನಮಗೂ ಒಂದೇ 'ರೂ' ಸಾಕಲ್ವಾ?

ಅರ್ಥವೇ ಉಲ್ಟಾ ಆಗೋ ಜಾಗ

ಇಲ್ಲಿವರೆಗೆ ಹೇಳಿದ್ದರಲ್ಲಿ ತಪ್ಪಿದ್ರೂ ಕೇಳೋರಿಗೆ ಅರ್ಥ ಆಗುತ್ತೆ. ಆದರೆ ಕೆಲವು ಕಡೆ ದುಡ್ಡು, ಕೆಲಸ, ಆರೋಗ್ಯವೇ ಪುಟ್ಟ ಪದದ ಮೇಲೆ ನಿಂತಿರುತ್ತೆ.

'ಬೈ' ಮತ್ತು 'ಅಂಟಿಲ್'. "ಯು ಮಸ್ಟ್ ಲೀವ್ ಬೈ ದ ಟೆಂತ್," ಹತ್ತನೇ ತಾರೀಖಿನೊಳಗೆ ಮನೆ ಖಾಲಿ ಮಾಡಬೇಕು. "ಯು ಕ್ಯಾನ್ ಸ್ಟೇ ಅಂಟಿಲ್ ದ ಟೆಂತ್," ಹತ್ತರವರೆಗೆ ಇರಬಹುದು. ಒಮ್ಮೆ ಮಾಡಿ ಮುಗಿಸೋ ಕೆಲಸಕ್ಕೆ 'ಬೈ', ನಡೀತಾ ಇರೋ ಕೆಲಸಕ್ಕೆ 'ಅಂಟಿಲ್'. ನಮ್ಮ 'ಒಳಗೆ', 'ವರೆಗೆ' ಇದೇ ವ್ಯತ್ಯಾಸ ಇಟ್ಕೊಂಡಿವೆ. ಆದರೆ 'ಒಳಗೆ' ಅಂತ "ವಿದಿನ್ ಫ್ರೈಡೇ" ಅನ್ನಬೇಡಿ. 'ವಿದಿನ್' ಅವಧಿಗೆ: "ವಿದಿನ್ ತ್ರೀ ಡೇಸ್."

'ಅನ್‌ಲೆಸ್'. "ಫೋಟೋ ಅಪ್‌ಲೋಡ್ ಮಾಡದಿದ್ದರೆ ಅರ್ಜಿ ತಿರಸ್ಕಾರ ಆಗುತ್ತೆ." ಇಲ್ಲಿ 'ಇಲ್ಲ' ಅನ್ನೋ ಅರ್ಥ ನಮ್ಮ ಕ್ರಿಯಾಪದದೊಳಗೆ ಇದೆ. ಇಂಗ್ಲಿಷ್‌ನಲ್ಲಿ ಅದು ಕಂಜಂಕ್ಷನ್ ಒಳಗೆ ಇದೆ: "ಅನ್‌ಲೆಸ್ ಯು ಅಪ್‌ಲೋಡ್ ದ ಫೋಟೋ." ಅದರ ಜೊತೆ 'ಡೋಂಟ್' ಸೇರಿಸಿದ್ರೆ ಎರಡು 'ಇಲ್ಲ' ಸೇರಿ ಅರ್ಥ ತಿರುಗಿಬೀಳುತ್ತೆ.

'ಸ್ಟಾಪ್'. "ಸ್ಟಾಪ್ ಟೇಕಿಂಗ್ ದ ಟ್ಯಾಬ್ಲೆಟ್" ಅಂದ್ರೆ ಮಾತ್ರೆ ನಿಲ್ಲಿಸಿ. "ಸ್ಟಾಪ್ ಟು ಟೇಕ್ ದ ಟ್ಯಾಬ್ಲೆಟ್" ಅಂದ್ರೆ ಮಾಡ್ತಿರೋ ಕೆಲಸ ನಿಲ್ಲಿಸಿ ಮಾತ್ರೆ ತಗೊಳ್ಳಿ. ಪದಗಳು ಅವೇ, ಕೊಂಡಿ ಬೇರೆ.

ಪಕ್ಕದ ಪದ ಬದಲಾದ್ರೆ ಕ್ರಿಯಾಪದವೇ ಹೊಸದು

"ಲುಕ್ ಫಾರ್" ಹುಡುಕೋದು, "ಲುಕ್ ಆಫ್ಟರ್" ನೋಡ್ಕೊಳ್ಳೋದು, "ಲುಕ್ ಇಂಟು" ವಿಚಾರಣೆ ಮಾಡೋದು. "ಪುಟ್ ಆಫ್" ಮುಂದೂಡೋದು, "ಪುಟ್ ಅಪ್ ವಿತ್" ಸಹಿಸಿಕೊಳ್ಳೋದು. ಇದೂ ನಮಗೆ ಹೊಸದಲ್ಲ. ಕೈ ಕೊಟ್ಟ, ಕೈ ಹಿಡಿದ, ಕೈ ಬಿಟ್ಟ, ಕೈ ಹಾಕಿದ. ಇವನ್ನ ಯಾರೂ ಬಿಡಿಸಿ ಅರ್ಥ ಮಾಡ್ಕೊಳ್ಳಲ್ಲ, ಇಡಿಯಾಗಿ ಕಲೀತೀವಿ. ಅವನ್ನೂ ಹಾಗೇ ಕಲೀಬೇಕು.

ಹಾಗಾಗಿ ಒಂದು ಸಣ್ಣ ಅಭ್ಯಾಸ. ಫೋನಿನ ನೋಟ್ಸ್‌ನಲ್ಲಿ ಹೊಸ ಕ್ರಿಯಾಪದ ಬರ್ಕೊಳ್ಳುವಾಗ ಒಂಟಿಯಾಗಿ ಬರೀಬೇಡಿ. 'ಅಪ್ಲೈ' ಅಂತ ಬರೆದು ಬಿಡೋ ಬದಲು "ಅಪ್ಲೈ ಫಾರ್ ಎ ಜಾಬ್, ಅಪ್ಲೈ ಟು ಎ ಕಂಪನಿ" ಅಂತ ಬರೀರಿ. ದಿನಕ್ಕೆ ಎರಡು ಜೋಡಿ ಸಾಕು. ಬಾಯಿಬಿಟ್ಟು ಎರಡು ಸಲ ಹೇಳಿ, ಕಿವಿಗೆ ಅಭ್ಯಾಸ ಆಗಲಿ.

ಯಾರಾದರೂ ನಿಮ್ಮ ಒಂದು ಪುಟ್ಟ ಪದ ಹಿಡಿದು ನಕ್ಕರೆ ಮಾತು ನಿಲ್ಲಿಸಬೇಡಿ. ತಿದ್ದಿದ್ದನ್ನ ತಗೊಳ್ಳಿ, ನಗುವನ್ನ ಅಲ್ಲೇ ಬಿಡಿ, ವಾಕ್ಯ ಮುಗಿಸಿ.